ಒಂಬತ್ತು ಸೆಕೆಂಡಿನಲ್ಲಿ ದಾಟಿದ ವಾಕ್ಯ

ನನ್ನ ಗಂಡನ ಬೊಜ್ಜ ಕಳೆದು ಎಂಟು ದಿನವಾಗಿತ್ತು. ಹದಿಮೂರನೆಯ ದಿನದ ಆ ಊಟಕ್ಕೆ ಬಂದಿದ್ದ ನೆಂಟರೆಲ್ಲ ತಿರುಗಿ ಹೋಗಿದ್ದರು. ಶಾಮಿಯಾನದವರು ಕುರ್ಚಿಗಳನ್ನು ಕೊಂಡುಹೋಗಿದ್ದರು. ಆ ಬೆಳಿಗ್ಗೆ ಡಾಕ್ಟರ ಫೋನ್ ಬಂತು. ಪುತ್ತೂರು, ಸುಳ್ಯ, ಕಡಬದ ಕಡೆ ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಒಂದು ಸಣ್ಣ ತಂಡವಿದೆ. ಅವರು ಅದರ ಮುಖ್ಯಸ್ಥರು. ಹಿಂದಿನ ವರ್ಷ ಅವರಿಗಾಗಿ ಬೆನ್ನುಹುಣ್ಣಿನ ಆರೈಕೆಯ ಕರಪತ್ರವನ್ನು ನಾನೇ ಕನ್ನಡಕ್ಕೆ ತಂದಿದ್ದೆ.

"ಮೇಡಂ, ಈಗ ಕೇಳುದು ಸರಿಯಾ ಅಂತ ಗೊತ್ತಿಲ್ಲ. ಮೂಗಿನ ಪೈಪಲ್ಲಿ ಊಟ ಕೊಡುದು ಹೇಗೆ ಅಂತ ಒಂದು ಕರಪತ್ರ ಆಗ್ಬೇಕಿತ್ತು. ನಿಧಾನಕ್ಕೆ ಆದ್ರೂ ಅಡ್ಡಿಲ್ಲ."

"ಈಗಲೇ ಕಳಿಸಿ ಡಾಕ್ಟ್ರೆ" ಎಂದೆ.

ಅವರಿಗೆ ಮುಜುಗರವಾದದ್ದು ಏಕೆಂದು ಹೇಳಬೇಕು. ನನ್ನ ಗಂಡನಿಗೆ ಪಾರ್ಶ್ವವಾಯು ಆಗಿ ನುಂಗುವ ಶಕ್ತಿ ಹೋಗಿತ್ತು. ಒಂಬತ್ತು ತಿಂಗಳು ಮೂಗಿನ ಪೈಪಿನಲ್ಲೇ ಗಂಜಿಯ ತಿಳಿ, ಸೋಸಿದ ರಾಗಿ ಅಂಬಲಿ, ಹಾಲು. ಕೊಡುತ್ತಿದ್ದದ್ದು ನಾನೊಬ್ಬಳೇ. ಕೊನೆಗೆ ನ್ಯುಮೋನಿಯಾ ಆಗಿ ತೀರಿಕೊಂಡರು. ನನಗೆ ಅಳು ಬರಲಿಲ್ಲ. ಬಂದವರು "ಗಟ್ಟಿ ಹೆಂಗಸು" ಎಂದರು. ಗಟ್ಟಿಯೂ ಇಲ್ಲ, ಎಂತದ್ದೂ ಇಲ್ಲ. ಮೈಯೊಳಗೆ ಯಾರೋ ಸ್ವಿಚ್ ಆರಿಸಿ ಹೋದ ಹಾಗಿತ್ತು. ಊಟ ಕೊಡುವ ಹೊತ್ತಾದಾಗ ಮಾತ್ರ ಕಾಲು ತಾನಾಗಿ ಅಡುಗೆಮನೆಗೆ ಹೋಗುತ್ತಿತ್ತು. ಅಲ್ಲಿ ನಿಂತು, ಯಾಕೆ ಬಂದೆನೆಂದು ನೆನಪಾಗಿ ಹಿಂದೆ ಬರುತ್ತಿದ್ದೆ. ಅಂಥ ಹೊತ್ತಿನಲ್ಲಿ ಕೆಲಸ ಬಂದದ್ದು ಒಳ್ಳೆಯದೇ ಆಯಿತು ಎಂದುಕೊಂಡೆ.

ನಾನು ಅನುವಾದ ಮಾಡುವುದು ಒಂದು ಮುಕ್ತ ತಂತ್ರಾಂಶದಲ್ಲಿ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಪರವಾನಗಿಯ ತಾಪತ್ರಯವಿಲ್ಲ. ಅದು ತಾನಾಗಿ ಅನುವಾದ ಮಾಡುವ ಯಂತ್ರವಲ್ಲ. ಇಂಗ್ಲಿಷ್ ಬರಹವನ್ನು ವಾಕ್ಯ ವಾಕ್ಯವಾಗಿ ಬಿಡಿಸಿ ಮುಂದಿಡುತ್ತದೆ. ಪ್ರತಿ ವಾಕ್ಯದ ಕೆಳಗೆ ನಾನು ಕನ್ನಡ ಬರೆಯಬೇಕು. ಬರೆದ ಜೋಡಿಗಳನ್ನೆಲ್ಲ ಒಂದು ಕಡತದಲ್ಲಿ ಕೂಡಿಡುತ್ತದೆ. ಅದನ್ನು ಅನುವಾದ ಸ್ಮೃತಿ ಎನ್ನುತ್ತಾರೆ. ನಾನು ನೆನಪಿನ ಕಡತ ಎನ್ನುತ್ತೇನೆ. ಮುಂದೆ ಅಂಥದ್ದೇ ಇಂಗ್ಲಿಷ್ ವಾಕ್ಯ ಎದುರಾದರೆ, "ಹಿಂದೆ ನೀನು ಹೀಗೆ ಬರೆದಿದ್ದೆ, ನೂರಕ್ಕೆ ಇಷ್ಟು ಹೋಲುತ್ತದೆ" ಎಂದು ಹಳೆಯ ಕನ್ನಡವನ್ನು ಪಕ್ಕದಲ್ಲಿ ತೋರಿಸುತ್ತದೆ. ವ್ಯತ್ಯಾಸವಿರುವ ಪದಗಳಿಗೆ ಬಣ್ಣ ಕೊಡುತ್ತದೆ. ತಿದ್ದುವುದು ಬಿಡುವುದು ನಮಗೆ ಸೇರಿದ್ದು.

ಹೊಸ ಯೋಜನೆ ತೆರೆದು, ಬೆನ್ನುಹುಣ್ಣಿನ ಕರಪತ್ರದ ನೆನಪಿನ ಕಡತವನ್ನು ಅದರೊಳಗೆ ಹಾಕಿದೆ. ಬರೆದವರು ಅದೇ ಡಾಕ್ಟರು, ಅದೇ ಬಗೆಯ ವಾಕ್ಯಗಳು, ಹೋಲಿಕೆ ಚೆನ್ನಾಗಿ ಸಿಗುತ್ತದೆ. ಪದಪಟ್ಟಿಗೆ ತಂಡದ ಸಿಸ್ಟರನ್ನು ಕೇಳಿದೆ. ಮನೆಮನೆಗೆ ಹೋಗುವ ನರ್ಸ್ ಅವರು. "ನಳಿಕೆ ಅಂತ ಹಾಕ್ಲಾ?" ಎಂದರೆ ನಕ್ಕರು. "ಪೈಪ್ ಅಂತ ಹಾಕಿ ಅಕ್ಕ. ನಳಿಕೆ ಅಂದ್ರೆ ಕೋವಿ ತರ್ತಾರೆ." ಪೈಪ್ ಎಂದೇ ಹಾಕಿದೆ.

ಆಮೇಲೆ ಎರಡು ಸೆಟ್ಟಿಂಗ್ ಬದಲಾಯಿಸಿದೆ. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಹೋಲುವ ಹಳೆಯ ಅನುವಾದವಿದ್ದರೆ ಅದನ್ನು ತಾನಾಗಿ ತುಂಬಿಸುವ ಸೌಲಭ್ಯ ಈ ತಂತ್ರಾಂಶದಲ್ಲಿದೆ. ಬೇಗ ಮುಗಿಯಲಿ ಎಂದು ಎಂಬತ್ತನ್ನು ಅರವತ್ತಕ್ಕೆ ಇಳಿಸಿದೆ. ಹಾಗೆ ತುಂಬಿಸಿದ ವಾಕ್ಯದ ಮೊದಲಿಗೆ, ಇದು ಸರಿಸುಮಾರು ಹೋಲಿಕೆ ಮಾತ್ರ ಎಂಬ ಎಚ್ಚರಿಕೆಗೆ, ಕಂಸದಲ್ಲಿ ಒಂದು ಗುರುತು ಬರುತ್ತದೆ. ಪ್ರತಿ ಸಲ ಅದನ್ನು ಅಳಿಸುವುದು ಕಿರಿಕಿರಿ. ಆ ಗುರುತನ್ನೂ ತೆಗೆದುಹಾಕಿದೆ. ಎಷ್ಟೋ ವರ್ಷದಿಂದ ಈ ಕೆಲಸ ಮಾಡಿದವಳು, ಹೊಸಬರು ಯಾರಾದರೂ ಹೀಗೆ ಮಾಡಿದ್ದರೆ ಚೆನ್ನಾಗಿ ಬೈಯುತ್ತಿದ್ದೆ.

ಎರಡು ದಿನದಲ್ಲಿ ಕೆಲಸ ಮುಗಿಯಿತು. ಸಿರಿಂಜಿನಲ್ಲಿ ನಿಧಾನವಾಗಿ ಬಿಡಿ, ಕೊಟ್ಟ ಮೇಲೆ ನೀರು ಹಾಕಿ ಪೈಪ್ ತೊಳೆಯಿರಿ, ಪೈಪಿನ ಗುರುತು ಮೂಗಿನಿಂದ ಹೊರಗೆ ಬಂದಿದೆಯೇ ನೋಡಿ. ಎಲ್ಲ ನನ್ನ ಕೈಗೆ ಗೊತ್ತಿದ್ದದ್ದು. ಓದಬೇಕು ಎನ್ನಿಸಲೇ ಇಲ್ಲ. ಎಂಟರ್ ಒತ್ತಿದರೆ ಮುಂದಿನ ವಾಕ್ಯ, ಮತ್ತೊಂದು ಎಂಟರ್. ಕೊನೆಗೆ ತಂತ್ರಾಂಶದ ಪರೀಕ್ಷೆ ಓಡಿಸಿದೆ. ಬಿಟ್ಟುಹೋದ ವಾಕ್ಯವಿಲ್ಲ, ಅಂಕಿ ತಪ್ಪಿಲ್ಲ, ಕಾಗುಣಿತ ಸರಿ. ದೋಷವಿಲ್ಲ ಎಂದು ಬಂತು.

ಮುದ್ರಣ ಮಾತ್ರ ಸತಾಯಿಸಿತು. ಡಿಟಿಪಿ ಅಂಗಡಿಯವರು ಹಳೆಯ ಅಕ್ಷರಶೈಲಿಯನ್ನೇ ಬಳಸುವವರು. ನನ್ನ ಯೂನಿಕೋಡ್ ಬರಹವನ್ನು ಅದಕ್ಕೆ ಪರಿವರ್ತಿಸಿದಾಗ ಒತ್ತಕ್ಷರಗಳು ಎಲ್ಲೆಲ್ಲೋ ಹಾರಿದವು. ಮೂರು ಸಲ ಕರಡು ನೋಡಿದೆ. ಮೂರು ಸಲವೂ ಒತ್ತಕ್ಷರ ನೋಡಿದೆ, ಅರ್ಕಾವತ್ತು ನೋಡಿದೆ. ಅರ್ಥ ನೋಡಲಿಲ್ಲ. ಕರಪತ್ರ ಅಚ್ಚಾಯಿತು, ಗೋಡೆಗೆ ತೂಗುಹಾಕುವ ಸಣ್ಣ ಕಾರ್ಡೂ ಆಯಿತು. ಸಿಸ್ಟರ್ ಅವನ್ನು ಪೈಪ್ ಇರುವ ಹನ್ನೊಂದು ಮನೆಗೆ ಹಂಚಿದರು.

ಹತ್ತು ದಿನ ಕಳೆದು ಒಂದು ಮಧ್ಯಾಹ್ನ ಸಿಸ್ಟರ್ ಫೋನ್ ಮಾಡಿದರು.

"ಅಕ್ಕ, ಬೆಳ್ಳಾರೆಯ ಒಂದು ಮನೆಯಲ್ಲಿದ್ದೇನೆ. ಊಟ ಕೊಟ್ಟ ಕೂಡ್ಲೆ ಅತ್ತೆಯನ್ನು ಮಲಗಿಸ್ತಾ ಇದ್ರು. ಹಾಗೆ ಮಾಡ್ಬೇಡಿ ಅಂದೆ. ಸೊಸೆ ಪೇಪರ್ ತಂದು ತೋರ್ಸಿದ್ರು. ಮಲಗಿಸ್ಬಹುದು ಅಂತ ಉಂಟಲ್ಲ?"

"ಎಲ್ಲಿ ಉಂಟು?"

"ಆರನೇ ಪಾಯಿಂಟ್. ಆಹಾರ ಕೊಟ್ಟ ನಂತರ ರೋಗಿಯನ್ನು ಅಂಗಾತ ಮಲಗಿಸಬಹುದು."

ಕಂಪ್ಯೂಟರ್ ತೆರೆದೆ. ಇಂಗ್ಲಿಷಿನಲ್ಲಿ ಇದ್ದದ್ದು, ಆಹಾರ ಕೊಟ್ಟ ನಂತರ ರೋಗಿಯನ್ನು ಅಂಗಾತ ಮಲಗಿಸಲೇಬಾರದು ಎಂದು. ಬೆನ್ನುಹುಣ್ಣಿನ ಕರಪತ್ರದಲ್ಲಿ ಒಂದು ವಾಕ್ಯವಿತ್ತು: ಡ್ರೆಸ್ಸಿಂಗ್ ಬದಲಿಸಿದ ನಂತರ ರೋಗಿಯನ್ನು ಅಂಗಾತ ಮಲಗಿಸಬಹುದು. ನೂರಕ್ಕೆ ಅರವತ್ತನಾಲ್ಕು ಹೋಲಿಕೆ. ತಂತ್ರಾಂಶ ಅದನ್ನು ತುಂಬಿಸಿತ್ತು, ಗುರುತಿಲ್ಲದೆ. ವಾಕ್ಯದ ಮೊದಲರ್ಧದಲ್ಲಿ ಬಣ್ಣ ಬಂದಿತ್ತು, ಕೊನೆಯಲ್ಲೂ ಬಂದಿತ್ತು. 'ಡ್ರೆಸ್ಸಿಂಗ್ ಬದಲಿಸಿದ' ಎಂಬುದನ್ನು 'ಆಹಾರ ಕೊಟ್ಟ' ಎಂದು ತಿದ್ದಿ ಎಂಟರ್ ಒತ್ತಿದ್ದೆ. ಕೊನೆಯ ಬಣ್ಣ ಹಾಗೇ ಉಳಿದಿತ್ತು. ಒಂದೇ ವಾಕ್ಯ ಬೇರೆಡೆ ಮರುಕಳಿಸಿದರೆ ಈ ತಂತ್ರಾಂಶ ಅಲ್ಲಿಯೂ ಅದೇ ಅನುವಾದ ಹಾಕುತ್ತದೆ. ಆದ್ದರಿಂದ ಗೋಡೆಯ ಕಾರ್ಡಿನಲ್ಲೂ ಅದೇ ತಪ್ಪು.

ನೆನಪಿನ ಕಡತ ಮುಚ್ಚಿಟ್ಟ ಡಬ್ಬಿಯಲ್ಲ, ಸಾದಾ ಪಠ್ಯ. ಯಾವ ಪಠ್ಯ ತಂತ್ರಾಂಶದಲ್ಲೂ ಬಿಡಿಸಿ ನೋಡಬಹುದು. ಪ್ರತಿ ವಾಕ್ಯದ ಪಕ್ಕದಲ್ಲಿ ಬರೆದವರ ಹೆಸರು, ದಿನ, ಗಂಟೆ, ಸೆಕೆಂಡು ಇರುತ್ತದೆ. ಆ ವಾಕ್ಯದ ಪಕ್ಕ ನನ್ನ ಹೆಸರಿತ್ತು, ಆರು ಗಂಟೆ ಹತ್ತು ನಿಮಿಷ ಎಂದಿತ್ತು. ಕಡತದಲ್ಲಿರುವುದು ಗ್ರೀನಿಚ್ ಸಮಯ, ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ: ಬೆಳಿಗ್ಗೆ ಹನ್ನೊಂದು ನಲವತ್ತು. ಅದರ ಹಿಂದಿನ ವಾಕ್ಯಕ್ಕೂ ಇದಕ್ಕೂ ನಡುವೆ ಒಂಬತ್ತು ಸೆಕೆಂಡು. ಅಷ್ಟರಲ್ಲಿ ಓದಿ, ತಿದ್ದಿ, ದಾಟಿದ್ದೆ.

"ಸಿಸ್ಟರ್, ಮಲಗಿಸಿದ್ರೆ ಎಂತ ಆಗ್ತದೆ?" ಎಂದು ಫೋನಿನಲ್ಲಿ ಕೇಳಿದೆ.

"ಹೊಟ್ಟೆಯಲ್ಲಿ ಇದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗ್ತದೆ ಅಕ್ಕ. ನ್ಯುಮೋನಿಯಾ ಆಗ್ತದೆ."

ಫೋನ್ ಇಟ್ಟೆ. ಮಧ್ಯಾಹ್ನದ ಊಟ ಕೊಟ್ಟ ಮೇಲೆ ನನ್ನ ಗಂಡನಿಗೆ ತೂಕಡಿಕೆ ಬರುತ್ತಿತ್ತು. ಮಂಚದ ತಲೆಯ ಕಡೆ ಇಟ್ಟಿದ್ದ ಎರಡು ದಿಂಬನ್ನು ತೆಗೆದು, ಬೆನ್ನಿಗೆ ಕೈ ಕೊಟ್ಟು, ಸಮವಾಗಿ ಮಲಗಿಸುತ್ತಿದ್ದೆ. ದಿನವೂ. ಒಂಬತ್ತು ತಿಂಗಳು.

ಕಪಾಟಿನಿಂದ ಆಸ್ಪತ್ರೆಯ ಫೈಲ್ ತೆಗೆದೆ. ಮನೆಗೆ ಕಳಿಸುವಾಗ ಕೊಟ್ಟ ಹಾಳೆಗಳ ಎರಡನೆಯ ಪುಟದಲ್ಲಿ, ಆಹಾರದ ನಂತರ ತಲೆಯ ಭಾಗ ಎತ್ತರದಲ್ಲಿರಲಿ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಮುದ್ರಿತವಾಗಿತ್ತು. ನಾನು ಮೊದಲ ಪುಟದ ಮಾತ್ರೆಗಳ ಪಟ್ಟಿ ಮಾತ್ರ ಓದಿದ್ದೆ. ಇಂಗ್ಲಿಷ್ ಓದಿ ಬದುಕುವವಳು ನಾನು. ಫೈಲನ್ನು ಇದ್ದಲ್ಲೇ ಇಟ್ಟೆ. ಆಗಲೂ ಅಳು ಬರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಸಿಸ್ಟರೂ ಬಂದಿದ್ದರು. ತಪ್ಪು ಹೇಗಾಯಿತೆಂದು ಹೇಳಿದೆ. ಡಾಕ್ಟರು ಒಳ್ಳೆಯವರು, ನನ್ನ ಮುಖ ನೋಡಿ ಇನ್ನೂ ಒಳ್ಳೆಯವರಾದರು.

"ಬೇಸರ ಮಾಡ್ಬೇಡಿ ಮೇಡಂ. ಮುಂದಿನ ಪ್ರಿಂಟಲ್ಲಿ ಸರಿ ಮಾಡುವ. ಈಗ ಎಲ್ಲರಿಗೂ ಒಂದು ಮೆಸೇಜ್ ಹಾಕಿದ್ರೆ ಆಯ್ತು. ಸಿಸ್ಟರ್ ಬಾಯಲ್ಲೂ ಹೇಳ್ತಾರೆ."

"ಬಾಯಲ್ಲಿ ನಾನು ಮೊದ್ಲೇ ಹೇಳಿದ್ದೆ ಡಾಕ್ಟ್ರೆ" ಎಂದರು ಸಿಸ್ಟರ್. "ಬೆಳ್ಳಾರೆಯಲ್ಲಿ ಪೈಪ್ ಹಾಕಿದ ದಿನವೇ ಹೇಳಿದ್ದೇನೆ. ಪೇಪರ್ ಬಂದ ಮೇಲೆ ಅವರು ಪೇಪರ್ ನಂಬಿದ್ರು."

ಅದು ನನಗೆ ನಾಟಿತು. ನಮ್ಮ ಕಡೆ ಮನೆಯೊಳಗೆ ತುಳು, ಅರೆಭಾಷೆ, ಬ್ಯಾರಿ, ಮಲಯಾಳ ಏನೇನೋ ಮಾತು. ಕನ್ನಡವೆಂದರೆ ಶಾಲೆ, ಪಂಚಾಯತು, ಕೋರ್ಟು, ಆಸ್ಪತ್ರೆಯ ಚೀಟಿ. ಸಿಸ್ಟರ್ ತುಳುವಿನಲ್ಲಿ ಹೇಳಿದ್ದಕ್ಕೆ ಎದುರು ಮಾತಾಡಬಹುದು, ಚೌಕಾಸಿ ಮಾಡಬಹುದು. ಅಚ್ಚಿನ ಕನ್ನಡಕ್ಕೆ ಎದುರಾಡುವ ಅಭ್ಯಾಸ ಯಾರಿಗೂ ಇಲ್ಲ. ನನ್ನ ವಾಕ್ಯ ಹನ್ನೊಂದು ಮನೆಯಲ್ಲಿ ಸಿಸ್ಟರ ಬಾಯಿ ಮುಚ್ಚಿಸಿತ್ತು.

"ಎಲ್ಲ ಪೇಪರ್ ನಾನೇ ಹೋಗಿ ವಾಪಸ್ ತರ್ತೇನೆ" ಎಂದೆ.

"ನೀವಾ? ಈ ಪರಿಸ್ಥಿತಿಯಲ್ಲಿ?"

"ತಪ್ಪು ಮಾಡಿದವಳು ಹೋದ್ರೆ ಸಾಕಲ್ಲ ಡಾಕ್ಟ್ರೆ. ಬೈದ್ರೆ ಬೈಲಿ."

ಡಾಕ್ಟರು ಆಗಲೇ ಎಲ್ಲರಿಗೂ ಮೆಸೇಜನ್ನೂ ಹಾಕಿದರು. ಏಳುವ ಮೊದಲು ಎರಡು ಪ್ರಶ್ನೆ ಕೇಳಿದೆ. ಮಲಗಿಸಬಾರದು ಎಂದರೆ ಎಷ್ಟು ಹೊತ್ತು? "ಒಂದು ಗಂಟೆ ಅಂತಲೇ ಹಾಕಿ" ಎಂದರು. ಎರಡನೆಯದು ನನ್ನ ಗಂಡನ ಬಗ್ಗೆ. ನಾನು ಮಲಗಿಸುತ್ತಿದ್ದೆ ಎಂದೆ. ಸಿಸ್ಟರ್ ಅಷ್ಟರಲ್ಲಿ ಹೊರಗೆ ಹೋಗಿದ್ದರು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

"ಅದರಿಂದ ಆಗಿರಬಹುದು, ಆಗದೆಯೂ ಇರಬಹುದು. ಈಗ ಹೇಳ್ಲಿಕ್ಕೆ ಆಗುದಿಲ್ಲ ಮೇಡಂ."

ಸುಳ್ಳು ಹೇಳಲಿಲ್ಲವಲ್ಲ ಎಂದು ಅವರ ಮೇಲೆ ಗೌರವ ಹೆಚ್ಚಾಯಿತು.

ಮನೆಗೆ ಬಂದು ಮೊದಲು ಸೆಟ್ಟಿಂಗ್ ಸರಿಪಡಿಸಿದೆ. ತಾನಾಗಿ ತುಂಬಿಸುವುದನ್ನೇ ನಿಲ್ಲಿಸಿದೆ, ಎಚ್ಚರಿಕೆಯ ಗುರುತನ್ನು ಮರಳಿ ಹಾಕಿದೆ. ನೆನಪಿನ ಕಡತದಿಂದ ಆ ಜೋಡಿಯನ್ನು ಕಿತ್ತೆ. ಇಲ್ಲದಿದ್ದರೆ ಮುಂದೊಂದು ದಿನ ಅದು ನೂರಕ್ಕೆ ನೂರು ಎಂದು ತಲೆಯೆತ್ತುತ್ತದೆ. ಆಮೇಲೆ ಮೊದಲ ವಾಕ್ಯದಿಂದ ಕೊನೆಯವರೆಗೆ ಇಂಗ್ಲಿಷನ್ನು ಒಮ್ಮೆ, ಕನ್ನಡವನ್ನು ಒಮ್ಮೆ, ಗಟ್ಟಿಯಾಗಿ ಓದಿದೆ. ಖಾಲಿ ಮನೆಯಲ್ಲಿ ನನ್ನ ಸ್ವರ ನನಗೇ ಯಾರದೋ ಅನ್ನಿಸಿತು. ಇನ್ನೊಂದು ತಪ್ಪು ಸಿಕ್ಕಿತು: ಮೂಗಿನ ಸುತ್ತ ಒರೆಸಿ ಎನ್ನುವಲ್ಲಿ ಗಾಯದ ಸುತ್ತ ಎಂದಿತ್ತು. ಅದರಿಂದ ಯಾರಿಗೂ ತೊಂದರೆಯಾಗುತ್ತಿರಲಿಲ್ಲ, ಆದರೂ ನಾಚಿಕೆಯಾಯಿತು. ಆರನೆಯ ಅಂಶವನ್ನು ಮೊದಲಿಗೆ ತಂದು ದಪ್ಪ ಅಕ್ಷರದಲ್ಲಿ ಹಾಕಿದೆ: ಆಹಾರ ಕೊಟ್ಟ ಮೇಲೆ ಒಂದು ಗಂಟೆ ಮಲಗಿಸಬೇಡಿ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ.

"ಎಂತ ಮಾರಾಯ್ರೆ, ಪುನಃ ಬಂದ್ರಾ? ಒತ್ತಕ್ಷರ ಎಲ್ಲ ಸರಿ ಇತ್ತಲ್ಲ?" ಎಂದರು ಡಿಟಿಪಿ ಅಂಗಡಿಯವರು.

"ಒತ್ತಕ್ಷರ ಸರಿ ಇತ್ತು" ಎಂದೆ. ಸಂಜೆಯೊಳಗೆ ಮಾಡಿಕೊಟ್ಟರು.

ಮರುದಿನ ಸಿಸ್ಟರ ಸ್ಕೂಟರಿನ ಹಿಂದೆ ಕುಳಿತು ಹೊರಟೆ. ಬೆಟ್ಟಂಪಾಡಿಯಲ್ಲಿ ಒಂದು ಮನೆಯವರು ಕರಪತ್ರವನ್ನು ಬಿಡಿಸಿಯೇ ಇರಲಿಲ್ಲ. ನನ್ನ ಅನುವಾದವನ್ನು ಯಾರೂ ಓದದೆ ಇದ್ದದ್ದಕ್ಕೆ ಸಂತೋಷವಾದದ್ದು ಜೀವಮಾನದಲ್ಲಿ ಅದೇ ಮೊದಲು. ಸವಣೂರಿನಲ್ಲಿ ಎರಡು ಮನೆ. "ಬಲೆ, ಕುಳ್ಳುಲೆ" ಎಂದು ತುಳುವಿನಲ್ಲಿ ಕರೆದು ಕೂರಿಸಿ ಕಾಫಿ ಕೊಟ್ಟರು. ತಪ್ಪು ಹೇಳಿಕೊಂಡಾಗ "ಅದೆಲ್ಲ ಆಗ್ತದೆ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಬೆಳ್ಳಾರೆಯ ಸೊಸೆ ಬೈದಳು. ಅವಳು ಕರಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿ ಮಂಚದ ಪಕ್ಕ ಮೊಳೆಗೆ ತೂಗುಹಾಕಿದ್ದಳು.

"ಇದು ಸುಳ್ಳು ಅಂತಾದ್ರೆ ನೀವೀಗ ತಂದದ್ದು ಸತ್ಯ ಅಂತ ಹೇಗೆ ನಂಬುದು? ಅದೂ ಪೇಪರೇ, ಇದೂ ಪೇಪರೇ. ನಮ್ಮ ಅತ್ತೆಗೆ ಎಂತಾದ್ರೂ ಆಗಿದ್ರೆ?"

"ನೀವೇ ಇದನ್ನು ಓದಿ, ಅತ್ತೆಗೆ ನಿಮ್ಮ ಭಾಷೆಯಲ್ಲಿ ಹೇಳಿ. ಸಿಸ್ಟರ್ ಕೇಳ್ಲಿ. ಅವರು ಹೇಳಿದ್ದಕ್ಕೂ ಪೇಪರಿಗೂ ವ್ಯತ್ಯಾಸ ಬಂದ್ರೆ ಪೇಪರ್ ಹರಿದು ಬಿಸಾಡಿ" ಎಂದೆ. ಅವಳು ಸಿಟ್ಟಿನಲ್ಲೇ ಓದಿದಳು. ಮತ್ತೆ ಮಂಚದ ಅಂಚಿಗೆ ಕುಳಿತು ಅರೆಭಾಷೆಯಲ್ಲಿ ಅತ್ತೆಗೆ ಒಂದೊಂದಾಗಿ ಹೇಳತೊಡಗಿದಳು. ಹೇಳುತ್ತಾ ಸ್ವರ ಮೆತ್ತಗಾಯಿತು. ಅತ್ತೆ ಕಣ್ಣಿನಲ್ಲೇ ಹೂಂಗುಟ್ಟುತ್ತಿದ್ದರು. ಸಿಸ್ಟರ್ ಎಲ್ಲವೂ ಸರಿಯೆಂದು ತಲೆಯಾಡಿಸಿದರು. ಉಳಿದ ಮನೆಗಳಲ್ಲೂ ಹಾಗೆಯೇ ಮಾಡಿದೆವು. ಓದಿಸಿ, ಮನೆಮಾತಿನಲ್ಲಿ ತಿರುಗಿ ಹೇಳಿಸಿ, ಸಿಸ್ಟರ್ ಒಪ್ಪಿದ ಮೇಲೆ ಮಾತ್ರ ಹೊಸದನ್ನು ಕೊಟ್ಟು ಹಳೆಯದನ್ನು ತೆಗೆದುಕೊಂಡೆವು. ಈಗಲೂ ಆ ತಂಡದ ಯಾವ ಕರಪತ್ರವೂ ಹಾಗೆ ಒಂದು ಮನೆಯಲ್ಲಿ ಹೇಳಿಸಿ ನೋಡದೆ ಅಚ್ಚಿಗೆ ಹೋಗುವುದಿಲ್ಲ.

ಎರಡನೆಯ ದಿನ ಕೊನೆಯ ಮನೆ ಕಡಬದಲ್ಲಿ. ಪೇಟೆಯ ಒಂದು ಟೈಲರಿಂಗ್ ಅಂಗಡಿ, ಅದರ ಹಿಂದಿನ ಎರಡು ಕೋಣೆಯೇ ಮನೆ. ಗಂಡ ಹಿಂದೆ ಜೀಪು ಓಡಿಸುತ್ತಿದ್ದವರು, ಈಗ ಹಾಸಿಗೆಯಲ್ಲಿ. ಹೆಂಡತಿ ಹೊಲಿಗೆ ಮಾಡುತ್ತ ಅವರನ್ನು ನೋಡಿಕೊಳ್ಳುತ್ತಿದ್ದರು. ನಾವು ಒಳಗೆ ಹೋದಾಗ ಅವರು ಆಗಷ್ಟೇ ಊಟ ಕೊಟ್ಟು, ಪೈಪಿಗೆ ನೀರು ಹಾಕಿ, ಗಂಡನನ್ನು ಅಂಗಾತ ಮಲಗಿಸುತ್ತಿದ್ದರು. ಡಾಕ್ಟರ ಮೆಸೇಜನ್ನು ಅವರು ನೋಡಿರಲಿಲ್ಲ. ದಿಂಬು ತೆಗೆದು ಬೆನ್ನಿಗೆ ಕೈ ಕೊಡುವ ರೀತಿ ಥೇಟ್ ನನ್ನದೇ. ಅವರ ಗಂಡ ಕೆಮ್ಮಿದರು. ಒದ್ದೆ ಕೆಮ್ಮು.

ಸಿಸ್ಟರ್ ಚೀಲ ನೆಲಕ್ಕೆ ಹಾಕಿ ಓಡಿದರು. ಮೂವರೂ ಸೇರಿ ಅವರನ್ನು ಎಬ್ಬಿಸಿ ಕೂರಿಸಿದೆವು.

"ಈ ಕೆಮ್ಮು ಯಾವಾಗಿಂದ?"

"ಮೂರು ದಿನ ಆಯ್ತು ಸಿಸ್ಟರ್. ಎಂತಾಯ್ತು?"

ಸಿಸ್ಟರ್ ಜ್ವರ ನೋಡಿದರು, ಉಸಿರು ಎಣಿಸಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಡಾಕ್ಟರಿಗೆ ಫೋನ್ ಮಾಡಿದರು. ಜ್ವರವಿಲ್ಲ, ಉಸಿರು ಸರಿಯಿದೆ, ಹೀಗೇ ಕೂರಿಸಿ, ಸಂಜೆ ನಾನೇ ಬಂದು ನೋಡುತ್ತೇನೆ ಎಂದು ಡಾಕ್ಟರು ಹೇಳಿದರು. ಅಷ್ಟು ಹೊತ್ತು ನಾನು ಆ ಮನುಷ್ಯನ ಎಡಭುಜ ಹಿಡಿದು ನಿಂತಿದ್ದೆ. ಬಿಟ್ಟರೆ ಒಂದು ಕಡೆಗೆ ವಾಲುತ್ತಿದ್ದರು.

ಏನಾಯಿತೆಂದು ಹೇಳಿದೆ. ಕರಪತ್ರ ಬರೆದದ್ದು ನಾನು, ತಪ್ಪು ನನ್ನದು ಎಂದೆ. ಆ ಹೆಂಗಸು ಬೈಯಲಿಲ್ಲ. ಗಂಡನ ಬಾಯಿ ಒರೆಸಿದರು.

"ನಿಮ್ಮವರಿಗೂ ಪೈಪ್ ಇತ್ತಂತೆ. ಸಿಸ್ಟರ್ ಹೇಳಿದ್ರು."

"ಇತ್ತು."

"ಊಟ ಆದ ಮೇಲೆ ಅವರನ್ನೂ ಹೀಗೆ ಕೂರಿಸ್ತಿದ್ರಾ?"

ಸಿಸ್ಟರ್ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಿರಲಿಲ್ಲ.

"ಇಲ್ಲ. ಮಲಗಿಸ್ತಿದ್ದೆ. ಅವರಿಗೆ ಒಳ್ಳೆ ನಿದ್ದೆ ಬರ್ತಿತ್ತು."

ಹೆಂಗಸು ಅಂಗಡಿಗೆ ಹೋಗಿ ಹೊಲಿಗೆಗೆ ಬಂದಿದ್ದ ಬಟ್ಟೆಯ ಒಂದು ಗಂಟನ್ನೇ ತಂದು ಗಂಡನ ಬೆನ್ನಿನ ಹಿಂದೆ ಇಟ್ಟು, ಬಲಭುಜ ಹಿಡಿದು ಮಂಚದ ಮೇಲೆ ಕುಳಿತರು. ಎಡಭುಜ ನನ್ನ ಕೈಯಲ್ಲೇ ಇತ್ತು. ಅಂಗಿಯ ಬಟ್ಟೆಯೊಳಗೆ ಅದು ಬೆಚ್ಚಗಿತ್ತು, ಉಸಿರಿಗೆ ಸರಿಯಾಗಿ ಸಣ್ಣಗೆ ಏರಿ ಇಳಿಯುತ್ತಿತ್ತು. ಸಿಸ್ಟರ್ ಗೋಡೆಗೆ ಒರಗಿ ಗಡಿಯಾರ ನೋಡುತ್ತಿದ್ದರು. ಅಷ್ಟು ದಿನ ಬಾರದ ಅಳು ಅಲ್ಲಿ ಬಂತು. ಭುಜ ಬಿಡುವಂತಿರಲಿಲ್ಲ, ಹಾಗಾಗಿ ಕಣ್ಣು ಒರೆಸಿಕೊಳ್ಳಲಿಲ್ಲ. ಅವರ ಗಂಡ ಕುಳಿತಲ್ಲೇ ನಿದ್ದೆಹೋದರು, ತಲೆ ನನ್ನ ಕಡೆಗೆ ವಾಲಿತು.

"ಗಂಟೆ ಆಯ್ತಾ ಅಕ್ಕ? ಮಲಗಿಸ್ಲಾ?" ಎಂದು ಆ ಹೆಂಗಸು ಪಿಸುದನಿಯಲ್ಲಿ ಕೇಳಿದರು.

"ಇಲ್ಲ" ಎಂದೆ. "ಇನ್ನೂ ಹತ್ತು ನಿಮಿಷ ಉಂಟು."